ಅಂಟಿನ ಡಬ್ಬಿ ಕೊನೆಗೆ: ಹೊಸ ವೈಟ್‌ವಾಟರ್ ಕೆನೂವಿನ ಫೋಮನ್ನು ನಿಮ್ಮ ಮೈಗೆ ಹೊಂದಿಸುವುದು

ರಭಸದ ಹೊಳೆಯಲ್ಲಿ ಮಂಡಿಯೂರಿ ನಡೆಸುವ ತೆರೆದ ದೋಣಿಯೇ ವೈಟ್‌ವಾಟರ್ ಕೆನೂ. ಹೊಸದರ ಒಳಗೆ ಸಾಮಾನ್ಯವಾಗಿ ಮೂರು ವಸ್ತು ಇರುತ್ತವೆ: ನಡುವೆ ಕಾಲು ಇಬ್ಬದಿಗೆ ಹಾಕಿ ಕೂರುವ ಫೋಮಿನ ಪೀಠ (ಪೆಡೆಸ್ಟಲ್), ಮಂಡಿಗೆ ಎರಡು ಮೆತ್ತೆ, ತೊಡೆಯ ಮೇಲೆ ಬರುವ ಪಟ್ಟಿಗಳು. ಎಲ್ಲರ ಮೈಗೂ ಸುಮಾರಾಗಿ ಹೊಂದಲಿ ಎಂದು ಮಾಡಿದ್ದರಿಂದ ಇವು ಯಾರ ಮೈಗೂ ಸರಿಯಾಗಿ ಹೊಂದುವುದಿಲ್ಲ. ಕೆಲವು ಕಂಪನಿಗಳು ಬರೀ ಒಡಲನ್ನು ಕೊಟ್ಟು ಸುಮ್ಮನಾಗುತ್ತವೆ. ಎರಡರಲ್ಲಿ ಯಾವುದಾದರೂ ಸರಿ, ಮುಂದಿನ ಕೆಲಸ ಒಂದೇ.

ಮಂಡಿಯೂರಿ ಕೂತವರ ಸೊಂಟ ಎಡಕ್ಕೆ ವಾಲಿದರೆ ದೋಣಿ ಅದೇ ಕ್ಷಣ ಎಡಕ್ಕೆ ವಾಲಬೇಕು. ಮೈಗೂ ದೋಣಿಗೂ ನಡುವೆ ಎರಡು ಬೆರಳಿನಷ್ಟು ಸಡಿಲವಿದ್ದರೆ ಆ ಎರಡು ಬೆರಳು ಜಾರಿದ ಮೇಲಷ್ಟೇ ದೋಣಿ ಮಾತು ಕೇಳುತ್ತದೆ. ಸುಳಿಯಂಚಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಹಾಗೆಂದು ಬಿಗಿಯಾಗಿ ಹಿಡಿದಿಟ್ಟರೆ ಮಗುಚಿದಾಗ ಹೊರಬರಲಾಗದು. ಒಳಸಜ್ಜಿನ ಕಸುಬೆಲ್ಲ ಈ ಎರಡರ ನಡುವಿನ ಅಳತೆಯಲ್ಲಿದೆ. ಅದು ಒಂದೇ ಸಲಕ್ಕೆ ಸಿಗುವುದಿಲ್ಲ. ಆದ್ದರಿಂದ ಪೀಠ, ಮೆತ್ತೆ, ಕಾಲ್ಬೆರಳಿನ ಆಸರೆ, ಪಟ್ಟಿ ಎಲ್ಲವನ್ನೂ ಟೇಪಿನಲ್ಲಿ ನಿಲ್ಲಿಸಿ, ಕೂತು, ಕೆತ್ತಿ, ಮತ್ತೆ ಕೂತು ನೋಡಿ. ಅಂಟಿನ ಡಬ್ಬಿ ತೆರೆಯುವುದು ಕಟ್ಟಕಡೆಗೆ.

ಮೊದಲು ಒಡಲು ಯಾವುದೆಂದು ತಿಳಿಯಿರಿ

ಅಂಟು ಹಿಡಿಯುವುದೂ ಬಿಡುವುದೂ ಒಡಲಿನ ವಸ್ತುವಿನ ಮೇಲಿದೆ. ಹಳೆಯ ದೋಣಿಗಳಲ್ಲಿ ಬಹುಪಾಲು ರಾಯಲೆಕ್ಸ್. ನಡುವೆ ಎಬಿಎಸ್ ಪ್ಲಾಸ್ಟಿಕ್ಕಿನ ಫೋಮ್, ಹೊರಮೈಗೆ ವಿನೈಲ್ ಇರುವ ಈ ಹಾಳೆಯ ತಯಾರಿಕೆ 2014ರ ಹೊತ್ತಿಗೆ ನಿಂತುಹೋಯಿತು. ಅದರ ಜಾಗಕ್ಕೆ ಎಸ್ಕಿಫ್ ಕಂಪನಿಯ ಟಿ-ಫಾರ್ಮೆಕ್ಸ್ ಬಂದಿದೆ. ಇವೆರಡಕ್ಕೂ ಕಾಂಟ್ಯಾಕ್ಟ್ ಸಿಮೆಂಟ್, ಅಂದರೆ ಎರಡೂ ಮೈಗೆ ಹಚ್ಚಿ ಆರಿದ ಮೇಲೆ ಒತ್ತುವ ಅಂಟು, ಚೆನ್ನಾಗಿ ಹಿಡಿಯುತ್ತದೆ. ಆದರೆ ಒರೆಸಲು ಅಸಿಟೋನ್ ಬೇಡ, ಅದು ಎಬಿಎಸ್ಸನ್ನು ಕರಗಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಪಾಲಿಎಥಿಲೀನ್ ಒಡಲಿನದು ಬೇರೆ ಕತೆ. ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ, ನೀರಿನ ಹನಿ ಬಿಟ್ಟರೆ ಮುತ್ತಿನಂತೆ ಉರುಳುತ್ತದೆ. ನೀರನ್ನೇ ಅಂಟಿಸಿಕೊಳ್ಳದ ಮೈಗೆ ಅಂಟು ಹಿಡಿಯುವುದಾದರೂ ಹೇಗೆ? ಇದಕ್ಕೆ ಬೆಂಕಿಯ ಉಪಚಾರ ಬೇಕು, ಅದನ್ನು ಅಂಟಿನ ಭಾಗದಲ್ಲಿ ಹೇಳಿದೆ. ಕಾರ್ಬನ್, ಫೈಬರ್‌ಗ್ಲಾಸ್ ಮುಂತಾದ ಕಾಂಪೋಸಿಟ್ ಒಡಲುಗಳು ಈ ವಿಷಯದಲ್ಲಿ ಸುಲಭ: ಉಜ್ಜಿ, ಒರೆಸಿ, ಅಂಟಿಸಿ.

ಫೋಮ್ ಮತ್ತು ಹತ್ಯಾರು

ಮೈಗೆ ತಾಗುವ ಕಡೆಗೆಲ್ಲ ಮಿನಿಸೆಲ್ ಬಳಸಿ. ಇದು ಮುಚ್ಚಿದ ಕಣಗಳಿರುವ, ನೀರು ಹೀರದ, ನುಣುಪಾಗಿ ಕೆತ್ತಬಹುದಾದ ಫೋಮ್. ದೋಣಿಗೆ ಬಳಕೆಯಾಗುವ ಸಾಮಾನ್ಯ ಮಿನಿಸೆಲ್ ಘನ ಮೀಟರಿಗೆ ಸುಮಾರು 32 ಕಿಲೋ ತೂಗುತ್ತದೆ. ಎಥಾಫೋಮ್ ಇದಕ್ಕಿಂತ ಒರಟು, ಕಣಗಳು ದೊಡ್ಡವು, ಕೆತ್ತಿದರೆ ನಾರುನಾರಾಗಿ ಕೀಳುತ್ತದೆ. ಪೀಠದ ಬುಡಕ್ಕೆ, ಭಾರ ಹೊರುವ ಜಾಗಕ್ಕೆ ಅದು ನಡೆಯುತ್ತದೆ, ಮಂಡಿಯ ಕೆಳಗೆ ಬೇಡ. ಪ್ಯಾಕಿಂಗ್‌ಗೆ ಬರುವ ಥರ್ಮೋಕೋಲಿನ ಹತ್ತಿರಕ್ಕೂ ಹೋಗಬೇಡಿ. ಪುಡಿಯಾಗುತ್ತದೆ, ಕಾಂಟ್ಯಾಕ್ಟ್ ಸಿಮೆಂಟಿನ ದ್ರಾವಕಕ್ಕೆ ಕರಗಿಯೂ ಹೋಗುತ್ತದೆ.

ಪೀಠ ದೋಣಿಯ ಜೊತೆಗೇ ಬಂದಿದ್ದರೆ 7.5 ಸೆಂ.ಮೀ. ದಪ್ಪದ, ಸುಮಾರು 30×60 ಸೆಂ.ಮೀ. ಅಳತೆಯ ಒಂದು ಹಲಗೆ, 2.5 ಸೆಂ.ಮೀ. ದಪ್ಪದ್ದು ಅಷ್ಟೇ ಅಗಲದ್ದೊಂದು, 1.2 ಸೆಂ.ಮೀ.ನದೊಂದು ಹಾಳೆ ತಂದರೆ ಮಂಡಿ, ಪಾದ, ಸೊಂಟ ಮೂರಕ್ಕೂ ಸಾಕು. ಕತ್ತರಿಸಿದ ಚೂರುಗಳನ್ನು ಎಸೆಯಬೇಡಿ, ಅಂಟಿನ ಪರೀಕ್ಷೆಗೆ ಬೇಕಾಗುತ್ತವೆ.

ಕತ್ತರಿಸಲು ಉದ್ದನೆಯ ಹಲ್ಲಿನ ಬ್ರೆಡ್ ಚಾಕು ಅಥವಾ ಹ್ಯಾಕ್ಸಾ ಬ್ಲೇಡ್. ಚಾಕುವನ್ನು ಒತ್ತಬೇಡಿ, ಉದ್ದಕ್ಕೆ ಎಳೆಯಿರಿ. ಒತ್ತಿದರೆ ಫೋಮ್ ಕುಗ್ಗಿ, ಕತ್ತರಿಸಿದ ಮೈ ಒಳಬಾಗುತ್ತದೆ. ಆಕಾರ ಕೊಡಲು ಸರ್ಫಾರ್ಮ್, ಅಂದರೆ ತುರಿಮಣೆಯ ಹಾಗೆ ತೂತುತೂತಾದ ಅರ. ಒಳಗುಳಿಗೆ 36 ಗ್ರಿಟ್ಟಿನ ಸ್ಯಾಂಡ್‌ಪೇಪರನ್ನು ಬಾಟಲಿಗೋ ಪೈಪಿನ ತುಂಡಿಗೋ ಸುತ್ತಿ ಉಜ್ಜಿ. ಕೊನೆಯ ನಯಕ್ಕೆ 80. ಉಳಿದಂತೆ ಅಳತೆ ಟೇಪು, ಮಾರ್ಕರ್, ಮಾಸ್ಕಿಂಗ್ ಟೇಪ್, ಸೀಮೆಸುಣ್ಣ, ಧೂಳಿನ ಮಾಸ್ಕ್. ಫೋಮಿನ ಪುಡಿ ಗಾಳಿಯಲ್ಲಿ ಹಾರಿ ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ, ಹೊರಗೆ ಕೂತು ಮಾಡಿ.

ಇನ್ನೊಂದು ಸಾಮಾನು ಹೆಚ್ಚಿನವರು ಮರೆಯುತ್ತಾರೆ: ನೀರಿಗಿಳಿಯುವಾಗ ಹಾಕುವ ಬಟ್ಟೆ ಮತ್ತು ಬೂಟು. ಚಡ್ಡಿಯಲ್ಲಿ, ಬರಿಗಾಲಲ್ಲಿ ಅಳತೆ ತೆಗೆದ ಒಳಸಜ್ಜು ನಿಯೋಪ್ರೀನ್ ಸೂಟಿನಲ್ಲಿ, ದಪ್ಪ ಅಟ್ಟೆಯ ಬೂಟಿನಲ್ಲಿ ಹಿಡಿಸುವುದಿಲ್ಲ. ಪ್ರತಿ ಸಲ ಕೂತು ನೋಡುವಾಗಲೂ ಪೂರ್ತಿ ವೇಷದಲ್ಲೇ ಕೂರಿ.

ಪೀಠ ಎಲ್ಲಿ ಕೂರಬೇಕು

ಒಂದು ತಪ್ಪಿದರೆ ಉಳಿದದ್ದೆಲ್ಲ ತಪ್ಪುವ ಹೆಜ್ಜೆ ಇದು. ಮಂಡಿಯೂರಿದಾಗ ಕಾಲಿನ ಭಾರ ಮುಂದಕ್ಕೆ, ಮುಂಡದ ಭಾರ ಪೀಠದ ಮೇಲೆ. ಹಾಗಾಗಿ ಆಸನ ದೋಣಿಯ ನಡುಗೆರೆಗಿಂತ ಹಿಂದೆ ಇರಬೇಕಾಗುತ್ತದೆ. ಆಸನದ ಮುಂದಿನ ಅಂಚು ನಡುಗೆರೆಯಿಂದ ಸುಮಾರು 10 ಸೆಂ.ಮೀ. ಹಿಂದೆ ಬರುವಂತೆ ಪೀಠವಿಟ್ಟು ಶುರುಮಾಡಿ. ಇದು ಶುರುವಿನ ಗುರುತು ಮಾತ್ರ, ಉತ್ತರವಲ್ಲ.

ಉತ್ತರ ನೀರಿನಲ್ಲಿದೆ. ಗಾಳಿಯಿಲ್ಲದ ಹೊತ್ತಿನಲ್ಲಿ ನಿಂತ ನೀರಿಗೆ ದೋಣಿ ಇಳಿಸಿ. ಪೀಠ ಜಾರದಂತೆ ಬುಡಕ್ಕೆ ಒದ್ದೆ ಬಟ್ಟೆಯೋ ತೆಳು ರಬ್ಬರ್ ಹಾಳೆಯೋ ಇರಲಿ. ಹುಟ್ಟು ಕೈಯಲ್ಲಿ, ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲ ಅದರ ಜಾಗದಲ್ಲಿ, ನೀವು ಹುಟ್ಟು ಹಾಕುವ ಭಂಗಿಯಲ್ಲಿ. ದಡದಲ್ಲಿ ನಿಂತವರು ನೀರಿನ ಮಟ್ಟಕ್ಕೆ ಬಗ್ಗಿ, ಪಕ್ಕದಿಂದ ನೇರವಾಗಿ ಫೋಟೋ ತೆಗೆಯಲಿ. ಫೋಟೋದಲ್ಲಿ ಮುಂತುದಿ ಹಿಂತುದಿಗಳು ನೀರಿನಿಂದ ಎಷ್ಟು ಮೇಲಿವೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ದೋಣಿ ಸಮವಾಗಿರಬೇಕು, ಅಥವಾ ಹಿಂಬದಿ ಒಂದೆರಡು ಸೆಂ.ಮೀ. ತಗ್ಗಿರಬೇಕು. ಮುಂದೆ ತಗ್ಗಿದರೆ ಮೂತಿ ಅಲೆಯೊಳಗೆ ಹೊಕ್ಕು ನೀರು ಮೊಗೆಯುತ್ತದೆ, ತಿರುಗಿಸಿದರೆ ತಿರುಗುವುದಿಲ್ಲ. ಹಿಂದೆ ತೀರಾ ತಗ್ಗಿದರೆ ಮೂತಿ ಗಾಳಿ ತಳ್ಳಿದತ್ತ ಅಲೆದಾಡುತ್ತದೆ.

ದೋಣಿಯೊಳಗೆ ಒಂದು ಚೊಂಬು ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡುವ ಉಪಾಯವೊಂದಿದೆ. ಚಪ್ಪಟೆ ತಳದ ದೋಣಿಗೆ ಅದು ಸರಿ. ವೈಟ್‌ವಾಟರ್ ಕೆನೂವಿನ ತಳ ಬಾಳೆಹಣ್ಣಿನಂತೆ ಬಾಗಿರುವುದರಿಂದ ನೀರು ಹೇಗೂ ನಡುವೆಯೇ ನಿಲ್ಲುತ್ತದೆ, ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಫೋಟೋ ನಂಬಿ.

ಪೀಠವನ್ನು ಒಂದೊಂದು ಸಲಕ್ಕೆ 2 ಸೆಂ.ಮೀ.ನಂತೆ ಸರಿಸುತ್ತ ನೋಡಿ. ಸರಿಯಾದ ಜಾಗ ಸಿಕ್ಕಿದ ಕೂಡಲೇ ನೀರಿನಲ್ಲೇ ಗನೆಲ್ (ದೋಣಿಯ ಬದಿಯ ಮೇಲಂಚು) ಮೇಲೆ, ಎರಡೂ ಬದಿಗೆ, ಆಸನದ ಮುಂದಿನ ಅಂಚಿಗೆ ನೇರವಾಗಿ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಒದ್ದೆಯಾದ ಟೇಪು ದಡ ಸೇರುವಷ್ಟರಲ್ಲಿ ಕಿತ್ತು ಬಂದಿರುತ್ತದೆ.

ಎತ್ತರ, ಅಗಲ, ಓರೆ

ಪೀಠದ ಎತ್ತರ ಸಾಮಾನ್ಯವಾಗಿ 18ರಿಂದ 23 ಸೆಂ.ಮೀ. ಒಳಗೆ ಬರುತ್ತದೆ. ತಗ್ಗಿದಷ್ಟೂ ದೋಣಿ ಅಲುಗಾಟ ಕಡಿಮೆ, ಎತ್ತರವಾದಷ್ಟೂ ಮಂಡಿಗೂ ಪಾದಕ್ಕೂ ಆರಾಮ. ಕೆತ್ತಿ ತಗ್ಗಿಸುವುದು ಎರಡು ನಿಮಿಷದ ಕೆಲಸ, ಎತ್ತರಿಸಲು ಹೊಸ ಫೋಮ್ ಅಂಟಿಸಬೇಕು. ಆದ್ದರಿಂದ ಬೇಕೆನಿಸಿದ್ದಕ್ಕಿಂತ 2 ಸೆಂ.ಮೀ. ಎತ್ತರದಲ್ಲೇ ಶುರುಮಾಡಿ.

ಹುಲ್ಲಿನ ಮೇಲೆ ದೋಣಿಯಿಟ್ಟು, ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕೂರಿ. ಐದು ನಿಮಿಷ ಕೂತರೆ ಎಲ್ಲ ಪೀಠವೂ ಚೆನ್ನಾಗಿಯೇ ಇರುತ್ತದೆ. ಇಪ್ಪತ್ತು ನಿಮಿಷ ದಾಟಿದ ಮೇಲೆ ತಪ್ಪು ಎಲ್ಲಿದೆ ಎಂದು ಮೈಯೇ ಹೇಳುತ್ತದೆ. ಮಂಡಿಯ ಹಿಂಭಾಗ ಸೆಳೆದರೆ ಪೀಠ ತಗ್ಗಾಗಿದೆ. ಪಾದಕ್ಕೆ ಜೋಮು ಹಿಡಿದರೆ ಕಾರಣ ಎರಡರಲ್ಲೊಂದು: ಆಸನದ ಅಂಚು ತೊಡೆಯ ಹಿಂಭಾಗದ ನರವನ್ನು ಒತ್ತುತ್ತಿದೆ, ಇಲ್ಲವೇ ಪಾದದ ಹರಡು ಪೂರ್ತಿ ಚಾಚಿ ನೆಲಕ್ಕೊರಗಿದೆ. ಮೊದಲನೆಯದಕ್ಕೆ ಆಸನದ ಎರಡೂ ಪಕ್ಕದ ಅಂಚನ್ನು ಧಾರಾಳವಾಗಿ ದುಂಡಗೆ ಮಾಡಿ. ಎರಡನೆಯದಕ್ಕೆ ಹರಡಿನ ಕೆಳಗೆ 3–5 ಸೆಂ.ಮೀ. ಎತ್ತರದ ದುಂಡು ದಿಂಬು ಬೇಕು.

ಆಸನ ತುಸು ಮುಂದಕ್ಕೆ ಓರೆಯಾಗಿರಲಿ, 5ರಿಂದ 10 ಡಿಗ್ರಿ. ಆಗ ಸೊಂಟ ಮುಂದಕ್ಕೆ ಬಾಗಿ ಬೆನ್ನು ತಾನೇ ನೆಟ್ಟಗಾಗುತ್ತದೆ. ಓರೆ ಹೆಚ್ಚಾದರೆ ಇಡೀ ಮೈ ಮಂಡಿಯ ಮೇಲೆ ಜಾರುತ್ತದೆ. ಆಸನದ ಹಿಂಭಾಗವನ್ನು 2–3 ಸೆಂ.ಮೀ. ಏರಿಸಿ ಬಿಟ್ಟರೆ ಹಿಂದಕ್ಕೆ ಜಾರದಂತೆ ತಡೆ ಸಿಗುತ್ತದೆ.

ತೊಡೆಗಳ ನಡುವೆ ಬರುವ ಭಾಗದ ಅಗಲ 15ರಿಂದ 20 ಸೆಂ.ಮೀ. ಅಗಲ ಹೆಚ್ಚಾದರೆ ತೊಡೆಸಂಧಿ ನೋಯುತ್ತದೆ. ಬುಡವನ್ನು ಮಾತ್ರ ತೀರಾ ಕಿರಿದು ಮಾಡಬೇಡಿ. ಪೀಠ ಕೂರುವುದಕ್ಕಷ್ಟೇ ಇರುವುದಲ್ಲ, ಬಂಡೆಗೆ ತಾಗಿದಾಗ ದೋಣಿಯ ತಳ ಒಳಗೆ ಉಬ್ಬದಂತೆ ತಡೆಯುವುದೂ ಅದೇ. ಅಂಟು ಹಿಡಿಯುವ ಜಾಗವೂ ಬುಡವೇ.

ಬುಡವನ್ನು ತಳದ ಬಾಗಿಗೆ ಹೊಂದಿಸುವುದು

ಕಾಂಟ್ಯಾಕ್ಟ್ ಸಿಮೆಂಟ್ ಸಂದು ತುಂಬುವ ಅಂಟಲ್ಲ. ಎರಡು ಮೈ ಪೂರ್ತಿ ತಾಗಿದ ಕಡೆ ಮಾತ್ರ ಹಿಡಿಯುತ್ತದೆ. ದೋಣಿಯ ತಳ ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ಅಳೆದು ಕೆತ್ತಲು ಹೊರಟರೆ ದಿನ ಹೋಗುತ್ತದೆ. ಸುಲಭದ ದಾರಿಯೆಂದರೆ ಪೀಠ ಕೂರುವ ಜಾಗದಲ್ಲೇ 36ರ ಸ್ಯಾಂಡ್‌ಪೇಪರನ್ನು ಒರಟು ಮೈ ಮೇಲಾಗಿ ಟೇಪಿನಿಂದ ಅಂಟಿಸಿ, ಫೋಮನ್ನು ಅದರ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ 3–4 ಸೆಂ.ಮೀ. ತೀಡುವುದು. ದೋಣಿಯೇ ತನ್ನ ಬಾಗನ್ನು ಫೋಮಿಗೆ ಕೊಡುತ್ತದೆ. ನಡುನಡುವೆ ತಳಕ್ಕೆ ಸೀಮೆಸುಣ್ಣ ಬಳಿದು ಫೋಮನ್ನು ಒತ್ತಿ ಎತ್ತಿ ನೋಡಿ. ಸುಣ್ಣ ಹತ್ತಿದ ಕಡೆ ಉಬ್ಬು, ಹತ್ತದ ಕಡೆ ತಗ್ಗು. ಬುಡದ ತುಂಬ ಸುಣ್ಣ ಹತ್ತುವವರೆಗೆ ತೀಡಿ. ಮಂಡಿ ಮೆತ್ತೆ, ಕಾಲ್ಬೆರಳಿನ ಆಸರೆ, ಎಲ್ಲಕ್ಕೂ ಇದೇ ಉಪಾಯ.

ಮಂಡಿ

ಮಂಡಿಗಳು ಎಷ್ಟು ಅಗಲಕ್ಕಿದ್ದರೆ ದೋಣಿಯ ಮೇಲೆ ಅಷ್ಟು ಹಿಡಿತ. ತಳ ಮೇಲಕ್ಕೆ ಬಾಗಿ ಬದಿಯಾಗುವ ತಿರುವಿನ ಹತ್ತಿರಕ್ಕೆ ಮಂಡಿ ಬರಲಿ. ಆದರೆ ಕಷ್ಟಪಟ್ಟು ಅಗಲಿಸುವಷ್ಟು ಬೇಡ. ಕೂತಾಗ ಕಾಲು ತಾನಾಗಿ ಎಲ್ಲಿ ಬೀಳುತ್ತದೋ ಅದಕ್ಕಿಂತ ಒಂದೆರಡು ಬೆರಳು ಹೊರಗೆ ಸಾಕು.

ಕೆಳಗೆ 1.2ರಿಂದ 2.5 ಸೆಂ.ಮೀ. ದಪ್ಪದ ಮೆತ್ತೆ. ಇದು ಮಂಡಿಚಿಪ್ಪಿಗೆ ಮಾತ್ರವಲ್ಲದೆ ಕಣಕಾಲಿನ ಮೇಲ್ಭಾಗಕ್ಕೂ ಹರಡಿರಲಿ, ಆಗ ಭಾರ ಒಂದೇ ಬಿಂದುವಿನಲ್ಲಿ ಬೀಳುವುದಿಲ್ಲ. ಅದರ ಮುಂದೆ ಮತ್ತು ಹೊರಮಗ್ಗುಲಿಗೆ 7.5 ಸೆಂ.ಮೀ.ನ ಫೋಮಿನಿಂದ ಕೆತ್ತಿದ ತಡೆ, ಅರ್ಧ ಬಟ್ಟಲಿನ ಆಕಾರದಲ್ಲಿ. ದೋಣಿಯನ್ನು ವಾಲಿಸಿದಾಗ ಮಂಡಿ ಹೊರಕ್ಕೆ ಜಾರದಂತೆ ಹಿಡಿಯುವುದು ಈ ಬಟ್ಟಲು. ಒಳಮೈ ಮಂಡಿಯ ಆಕಾರಕ್ಕಿಂತ ತುಸು ದೊಡ್ಡದಿರಲಿ. ಅಚ್ಚೊತ್ತಿದಂತೆ ಬಿಗಿಯಾಗಿ ಕೆತ್ತಿದರೆ ಮೊದಮೊದಲು ಖುಷಿಯೆನಿಸುತ್ತದೆ, ಆಮೇಲೆ ಕಾಲು ಒಂದಿಷ್ಟೂ ಅಲುಗಿಸಲಾಗದೆ ನೋವು ಶುರುವಾಗುತ್ತದೆ. ಬಟ್ಟಲಿನ ತಳದಲ್ಲಿ ಬೆರಳಗಲದ ಒಂದು ಕಾಲುವೆ ಬಿಡಿ, ಇಲ್ಲದಿದ್ದರೆ ಮಂಡಿ ಸದಾ ನೀರಿನ ಗುಂಡಿಯಲ್ಲಿರುತ್ತದೆ.

ಕಾಲ್ಬೆರಳಿನ ಆಸರೆ

ಬಹಳ ಮಂದಿ ಇದನ್ನು ಕೈಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಪೀಠ ಬಿಟ್ಟರೆ ಮುಖ್ಯವಾದದ್ದು ಇದೇ. ಕಾಲ್ಬೆರಳುಗಳನ್ನು ಮಡಿಸಿ ಹಿಂದಿನ ಫೋಮಿನ ಗಟ್ಟಿಯೊಂದಕ್ಕೆ ಊರಿ ತಳ್ಳಿದರೆ ಮಂಡಿ ಮುಂದಕ್ಕೆ ಹೋಗಿ ಬಟ್ಟಲಲ್ಲಿ ಕೂರುತ್ತದೆ, ತೊಡೆ ಮೇಲೆದ್ದು ಪಟ್ಟಿಗೆ ಒತ್ತುತ್ತದೆ. ದೋಣಿ ಮೈಗೆ ಅಂಟಿಕೊಳ್ಳುತ್ತದೆ. ಬೆರಳು ಸಡಿಲಿಸಿದರೆ ಪಟ್ಟಿಯೂ ಸಡಿಲ. ಅಂದರೆ ಬಿಗಿತದ ಕೀಲಿ ಪಟ್ಟಿಯ ಬಕಲ್‌ನಲ್ಲಿ ಇರಬಾರದು, ಪಾದದಲ್ಲಿರಬೇಕು. ಆಸರೆ ಇಲ್ಲದ ದೋಣಿಯಲ್ಲಿ ಜನ ಆ ಕೊರತೆಯನ್ನು ಪಟ್ಟಿ ಬಿಗಿದು ತುಂಬಲು ನೋಡುತ್ತಾರೆ. ಹೊರಬರಲಾಗದ ಅಪಾಯ ಅಲ್ಲಿಂದಲೇ ಶುರು.

7.5 ಸೆಂ.ಮೀ. ಫೋಮಿನ 12–15 ಸೆಂ.ಮೀ. ಅಗಲದ ಗಟ್ಟಿ, ಎತ್ತರ 10 ಸೆಂ.ಮೀ. ಸುಮಾರು. ಬೂಟಿನ ಅಟ್ಟೆ ಊರುವ ಮುಖ ತುಸು ಓರೆ. ಬೆರಳು ಸಹಜವಾಗಿ ಮಡಿಸಿದಾಗ ಅಟ್ಟೆ ಗಟ್ಟಿಗೆ ಮೆಲ್ಲಗೆ ತಾಗಬೇಕು, ತಳ್ಳಿದಾಗ ಬಿಗಿಯಾಗಬೇಕು. ಗಟ್ಟಿಗೂ ದೋಣಿಯ ಬದಿಗೂ, ಗಟ್ಟಿಗೂ ಪೀಠಕ್ಕೂ ನಡುವೆ ಬೂಟು ಹೊಕ್ಕು ಸಿಕ್ಕಿಕೊಳ್ಳುವಂಥ ಸಂದು ಉಳಿಯಬಾರದು. ಒಂದೋ ಪೂರ್ತಿ ಮುಚ್ಚಿ, ಇಲ್ಲವೇ ಕಾಲು ಸಲೀಸಾಗಿ ಆಚೀಚೆ ಹೋಗುವಷ್ಟು ಬಿಡಿ. ಇಬ್ಬರು ಮೂವರು ಬಳಸುವ ದೋಣಿಯಾದರೆ ಗಟ್ಟಿ ಅಂಟಿಸುವುದಕ್ಕಿಂತ ಹಿಂದೆ ಮುಂದೆ ಸರಿಸಬಹುದಾದ ಪಾದದ ಗೂಟ ಒಳ್ಳೆಯದು.

ತೊಡೆಪಟ್ಟಿ

ಪಟ್ಟಿಯ ಒಳತುದಿ ಪೀಠದ ಬುಡಕ್ಕೆ, ಹೊರತುದಿ ತಳದ ಹೊರತಿರುವಿನಲ್ಲಿರುವ ಡಿ-ರಿಂಗಿಗೆ (D ಆಕಾರದ ಬಳೆಗೆ). ನಡುವೆ ತೊಡೆಯ ಮೇಲೆ ಹಾದುಹೋಗುತ್ತದೆ. ಮಂಡಿಗೂ ಸೊಂಟಕ್ಕೂ ಸರಿಯಾಗಿ ನಡುವೆ ಹಾದುಹೋಗಬೇಕು. ಸೊಂಟದ ಹತ್ತಿರ ಬಂದರೆ ತೊಡೆಸಂಧಿಯನ್ನು ಕೊರೆಯುತ್ತದೆ, ಮಂಡಿ ಏಳುವುದನ್ನು ತಡೆಯುವುದಿಲ್ಲ. ಮಂಡಿಯ ಹತ್ತಿರ ಹೋದರೆ ಮುಂದಕ್ಕೆ ಜಾರಿ ಕಳಚಿಕೊಳ್ಳುತ್ತದೆ.

ಡಿ-ರಿಂಗಿನ ಜಾಗವನ್ನು ಕಾಗದದ ಮೇಲೆ ಲೆಕ್ಕ ಹಾಕಬೇಡಿ. ಪೂರ್ತಿ ವೇಷದಲ್ಲಿ ಕೂತು, ಪಟ್ಟಿಯನ್ನು ತೊಡೆಯ ನಡುವೆ ಹಿಡಿದುಕೊಳ್ಳಿ. ಇನ್ನೊಬ್ಬರು ಹೊರತುದಿಯನ್ನು ತಿರುವಿನ ಉದ್ದಕ್ಕೂ ಬೇರೆಬೇರೆ ಕಡೆ ಕೈಯಿಂದ ಒತ್ತಿ ಹಿಡಿಯಲಿ. ಸೊಂಟವನ್ನು ಎಡಬಲಕ್ಕೆ ವಾಲಿಸಿ ನೋಡಿ. ಎಲ್ಲಿ ಪಟ್ಟಿ ಜಾರದೆ ನಿಲ್ಲುತ್ತದೋ ಅಲ್ಲಿ ಗುರುತು. ಎರಡು ಕಾಲಿಗೂ ಬೇರೆಬೇರೆಯಾಗಿ ಮಾಡಿ. ಸದಾ ಒಂದೇ ಬದಿಗೆ ಹುಟ್ಟು ಹಾಕುವವರಿಗೆ ಎಡಬಲಗಳು ಒಂದೇ ಅಳತೆಯಲ್ಲಿ ಬರುವುದು ಅಪರೂಪ.

ವಿನೈಲ್ ತಳದ ಡಿ-ರಿಂಗುಗಳು ರಾಯಲೆಕ್ಸ್ ಮೈಗೆ ವೈನಾಬಾಂಡ್‌ನಂಥ ವಿನೈಲ್ ಅಂಟಿನಿಂದ ಭದ್ರವಾಗಿ ಕೂರುತ್ತವೆ. ಪಾಲಿಎಥಿಲೀನ್‌ಗೆ ಹಾಗೆ ಅಂಟಿಸಿ ನಂಬಬೇಡಿ. ಅಲ್ಲಿ ಕಂಪನಿ ಕೊಟ್ಟ ಬೋಲ್ಟಿನ ಆಸರೆಗಳನ್ನೇ ಬಳಸಿ. ಒಳತುದಿಗೆ ಪೀಠದಲ್ಲೇ ಸೀಳು ಬೇಕಿದ್ದರೆ, ಅಥವಾ ಪೀಠದ ಕೆಳಗೆ ಪಟ್ಟಿ ಹಾಯಿಸಬೇಕಿದ್ದರೆ ಅಂಟಿಸುವ ಮುಂಚೆಯೇ ಕತ್ತರಿಸಿ. ಅಂಟಿದ ಪೀಠದ ಬುಡದಲ್ಲಿ ಸೀಳು ಮಾಡುವುದು ದೋಣಿಗೇ ಚಾಕು ಹಾಕಿದಂತೆ.

ಬಕಲ್ ಒಂದೇ ಎಳೆತಕ್ಕೆ ಬಿಚ್ಚುವಂಥದ್ದಿರಲಿ. ಬಿಚ್ಚುವ ತುದಿಗೆ ಕಣ್ಣುಮುಚ್ಚಿಯೂ ಸಿಗುವಂಥ ಗುಂಡು ಇಲ್ಲವೇ ದಪ್ಪ ಗಂಟು ಕಟ್ಟಿ. ಮುಚ್ಚಿದ ಕುಣಿಕೆ ಬೇಡ, ಬೆರಳೋ ಗೂಟವೋ ಅದರಲ್ಲಿ ಸಿಕ್ಕಿಕೊಳ್ಳಬಹುದು. ಉಳಿದ ಉದ್ದವನ್ನು ಕತ್ತರಿಸಿ, ತುದಿ ಸುಟ್ಟು ಮುಚ್ಚಿ.

ಸೊಂಟದ ಮೆತ್ತೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೀಠದ ಮೇಲೆ ಕುಂಡೆ ಎಡಬಲಕ್ಕೆ ಜಾರುತ್ತಿದ್ದರೆ ಮಾತ್ರ ಆಸನದ ಎರಡು ಬದಿಗೆ 2.5 ಸೆಂ.ಮೀ.ನ ಬೆಣೆಯಾಕಾರದ ತುಂಡು ಹಚ್ಚಿ. ಮಂಡಿ ಬಟ್ಟಲು ಸರಿಯಾಗಿದ್ದರೆ ಹಲವರಿಗೆ ಇವು ಬೇಕೇ ಆಗುವುದಿಲ್ಲ.

ಅಂಟಿಸುವ ಮುನ್ನ ಹೊರಬಂದು ನೋಡಿ

ಪೀಠವನ್ನು ಗನೆಲ್‌ಗೆ ಹಗ್ಗದಿಂದ ಬಿಗಿದು, ಉಳಿದದ್ದನ್ನು ಟೇಪಿನಲ್ಲಿ ನಿಲ್ಲಿಸಿ ಮೊದಲು ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಹತ್ತು ಸಲ ಹೊರಬನ್ನಿ. ಬೆರಳು ಸಡಿಲಿಸು, ಬಕಲ್ ಎಳೆ, ಕಾಲು ಹಿಂದಕ್ಕೆ. ಬಲಗೈಯಿಂದ ಐದು, ಎಡಗೈಯಿಂದ ಐದು. ಒಂದೇ ಪಟ್ಟಿ ಬಿಚ್ಚಿ ಇನ್ನೊಂದನ್ನು ಹಾಗೇ ಬಿಟ್ಟು ಹೊರಬರಲು ಆಗುತ್ತದೆಯೇ ಎಂದೂ ನೋಡಿ. ಬೂಟು ಎಲ್ಲಾದರೂ ತಡೆದರೆ ಆ ಅಂಚನ್ನು ಈಗಲೇ ಕೆತ್ತಿ ತೆಗೆಯಿರಿ. ನೀರಿನಲ್ಲಿ ಮಗುಚುವ ಪರೀಕ್ಷೆ ಅಂಟು ಒಣಗಿದ ಮೇಲೆ, ಆಳವಿರುವ, ಹರಿವಿಲ್ಲದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು. ಹೊಳೆಯ ಮೊದಲ ಇಳಿತ ಅದಾದ ಮೇಲೆ.

ಅಂಟು

ದ್ರಾವಕ ಬೆರೆತ ಕಾಂಟ್ಯಾಕ್ಟ್ ಸಿಮೆಂಟೇ ಬೇಕು, ಉದಾಹರಣೆಗೆ ಡ್ಯಾಪ್ ವೆಲ್ಡ್‌ವುಡ್‌ನ ಒರಿಜಿನಲ್. ಅದೇ ಹೆಸರಿನ ನೀರು ಬೆರೆತ ಬಗೆ ಇಲ್ಲಿಗೆ ಆಗದು. ಪೀಠ, ಮಂಡಿ, ಪಾದ ಎಲ್ಲ ಸೇರಿ ಅರ್ಧ ಲೀಟರ್ ಸಾಕು. ಹಚ್ಚಲು ಕೂದಲಿನ ಬ್ರಷ್ ತನ್ನಿ, ಸ್ಪಂಜಿನ ಬ್ರಷ್ ಅಂಟಿನಲ್ಲೇ ಕರಗಿ ಹೋಗುತ್ತದೆ.

ಇದರ ಆವಿ ಗಾಳಿಗಿಂತ ಭಾರ, ಬೆಂಕಿ ಹತ್ತುವಂಥದ್ದು. ದೋಣಿಯೆಂದರೆ ದೊಡ್ಡ ಬೋಗುಣಿ: ಆವಿ ಅದರೊಳಗೇ ತುಂಬಿ ನಿಲ್ಲುತ್ತದೆ. ಬಗ್ಗಿ ಕೆಲಸ ಮಾಡುವವರ ಮುಖವೂ ಅದರೊಳಗೇ. ಬಯಲಿನಲ್ಲಿ ಮಾಡಿ, ಸಾವಯವ ಆವಿ ತಡೆಯುವ ಮಾಸ್ಕ್ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಎದ್ದು ಆಚೆ ಹೋಗಿ. ಸುತ್ತ ಕಿಡಿ, ಸಿಗರೇಟು, ಬೆಂಕಿಯ ಟಾರ್ಚು ಯಾವುದೂ ಬೇಡ.

ಹವೆಯನ್ನೂ ನೋಡಿ. 18 ಡಿಗ್ರಿಗಿಂತ ತಣ್ಣಗಿದ್ದರೆ, ಮಳೆ ಹಿಡಿದು ತೇವ ತುಂಬಿದ್ದರೆ ಅಂದು ಬೇಡ. ದ್ರಾವಕ ಆರುವಾಗ ಅಂಟಿನ ಮೈ ತಣ್ಣಗಾಗಿ, ಅದರ ಮೇಲೆ ಗಾಳಿಯ ತೇವ ಕಾಣದಂತೆ ಕೂರುತ್ತದೆ. ಅಂಟಿಸಿದಾಗ ಹಿಡಿದಂತೆಯೇ ಇರುತ್ತದೆ, ಆಮೇಲೆ ಹಾಳೆಯ ಹಾಗೆ ಎದ್ದು ಬರುತ್ತದೆ.

ಕ್ರಮ ಹೀಗೆ:

1. ಎಲ್ಲ ತುಂಡುಗಳನ್ನು ಅವುಗಳ ಜಾಗದಲ್ಲಿಟ್ಟು ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. ಫೋಮಿನ ಮೇಲೂ ಟೇಪಿನ ಮೇಲೂ ಒಂದಕ್ಕೊಂದು ಕೂಡುವ ಗೆರೆ ಎಳೆಯಿರಿ. ಅಂಟು ಹಚ್ಚಿದ ಮೇಲೆ ಸರಿಸಲು ಅವಕಾಶವಿಲ್ಲ.

2. ಒಡಲನ್ನು 80ರ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ರಾಯಲೆಕ್ಸ್‌ನಲ್ಲಿ ವಿನೈಲ್ ಪದರ ತೆಳು, ಅದನ್ನು ದಾಟಬಾರದು. ಆಲ್ಕೋಹಾಲಿನಲ್ಲಿ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ.

3. ಪಾಲಿಎಥಿಲೀನ್ ಆದರೆ ಈಗ, ಅಂಟಿನ ಡಬ್ಬಿ ಇನ್ನೂ ಮುಚ್ಚಿ ದೂರವಿರುವಾಗಲೇ, ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ, ಪ್ರೊಪೇನ್ ಟಾರ್ಚಿನ ನೀಲಿ ಜ್ವಾಲೆಯ ತುದಿಯನ್ನು ಮೈ ಮೇಲೆ ಬೇಗಬೇಗ ಹಾಯಿಸಿ. ಒಂದೇ ಕಡೆ ನಿಲ್ಲಿಸಬೇಡಿ. ಬಣ್ಣ ಬದಲಾದರೆ, ಮೈ ಹೊಳೆದರೆ ಹೆಚ್ಚಾಯಿತೆಂದೇ ಅರ್ಥ. ಮೂಲೆಯೊಂದರಲ್ಲಿ ನೀರು ಹನಿಸಿ ನೋಡಿ: ಮುತ್ತಾಗದೆ ಹರಡಿಕೊಂಡರೆ ಸರಿಯಾಗಿದೆ. ಆ ನೀರು ಒರೆಸಿ ಒಣಗಿಸಿ, ಟಾರ್ಚು ದೂರ ಇಟ್ಟು, ಅರ್ಧ ಗಂಟೆಯೊಳಗೆ ಅಂಟು ಹಚ್ಚಿ. ಈ ಉಪಚಾರದ ಗುಣ ಬಹಳ ಹೊತ್ತು ಉಳಿಯದು.

4. ಫೋಮಿನ ಬುಡದ ಧೂಳನ್ನು ಬ್ರಷ್ಷಿನಿಂದ ಪೂರ್ತಿ ತೆಗೆದು ಮೊದಲ ಪದರ ಹಚ್ಚಿ. ಒಡಲಿಗೂ ಒಂದು ಪದರ. ಎರಡೂ ತೆಳುವಾಗಿ. ಫೋಮ್ ಮೊದಲ ಪದರವನ್ನು ಹೀರಿಕೊಂಡು ಮಂಕಾಗಿ ಕಾಣುತ್ತದೆ. 20–30 ನಿಮಿಷ ಬಿಡಿ.

5. ಎರಡಕ್ಕೂ ಎರಡನೆಯ ಪದರ. ಒಣಗಿದ ಮೇಲೆ ಫೋಮಿನ ಮೈ ಸಮವಾಗಿ ಮಿರುಗಬೇಕು. ಮಂಕು ಕಲೆಗಳಿದ್ದರೆ ಫೋಮಿಗೆ ಮಾತ್ರ ಮೂರನೆಯದು.

6. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಅಂಟು ಎಳೆಯಾಗಿ ಬರಬಾರದು. ಹಸಿಯಿದ್ದಾಗ ಅಂಟಿಸಿದರೆ ದ್ರಾವಕ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ. ಹಾಗೆಂದು ಊಟ ಮುಗಿಸಿ ಬರುತ್ತೇನೆಂದು ಹೋದರೆ ಹಿಡಿಯುವ ಗುಣವೇ ಹೋಗಿರುತ್ತದೆ.

7. ಒಡಲಿನ ಮೇಲೆ ಮೇಣದ ಕಾಗದದ ಎರಡು ಹಾಳೆ ಹಾಸಿ, ನಡುವೆ ಒಂದರ ಮೇಲೊಂದು ತುಸು ಬರುವಂತೆ. ಮೇಲೆ ಪೀಠವಿಟ್ಟು ಗೆರೆಗೆ ಗೆರೆ ಕೂಡಿಸಿ. ಮುಂದಿನ ಅರ್ಧವನ್ನು ತುಸು ಎತ್ತಿ ಮುಂದಿನ ಹಾಳೆ ಎಳೆದು ತೆಗೆದು ಒತ್ತಿ, ಆಮೇಲೆ ಹಿಂದಿನದು. ಇದಿಲ್ಲದೆ ನೇರವಾಗಿ ಇಳಿಸಿದರೆ ತಾಗಿದ ಮೊದಲ ಮೂಲೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಪೀಠ ಸೊಟ್ಟಗೆ ಕೂರುತ್ತದೆ.

8. ಮಂಡಿಯೂರಿ ಇಡೀ ಮೈಭಾರ ಹಾಕಿ ಒತ್ತಿ, ಅಂಚುಗಳನ್ನು ರೋಲರಿನಿಂದಲೋ ರಬ್ಬರ್ ಸುತ್ತಿಗೆಯಿಂದಲೋ ತಟ್ಟಿ. ಈ ಅಂಟಿಗೆ ಎಷ್ಟು ಹೊತ್ತು ಭಾರ ಇತ್ತು ಎಂಬುದಕ್ಕಿಂತ ಆ ಕ್ಷಣದ ಒತ್ತಡ ಎಷ್ಟಿತ್ತು ಎಂಬುದೇ ಮುಖ್ಯ. ತುದಿಗಳು ಸೆಟೆದು ಏಳುವಂತಿದ್ದರೆ ರಾತ್ರಿಯಿಡೀ ಮರಳು ಚೀಲ ಹೇರಿ.

24 ಗಂಟೆ ಕೂರಬೇಡಿ, 72 ಗಂಟೆ ನೀರಿಗಿಳಿಸಬೇಡಿ.

ಮೊದಲು ಚೂರೊಂದನ್ನು ಮರೆಯ ಮೂಲೆಯಲ್ಲಿ ಇದೇ ಕ್ರಮದಲ್ಲಿ ಅಂಟಿಸಿ ಮರುದಿನ ಕಿತ್ತು ನೋಡುವುದು ಜಾಣತನ. ಫೋಮ್ ಹರಿದು, ಅಂಟು ಒಡಲಿನಲ್ಲೇ ಉಳಿದರೆ ಗೆದ್ದಿರಿ. ಅಂಟಿನ ಪದರ ಒಡಲಿನಿಂದ ಶುಭ್ರವಾಗಿ ಎದ್ದು ಬಂದರೆ ಒಡಲಿನ ತಯಾರಿ ಸಾಲದು. ಫೋಮಿನಿಂದ ಎದ್ದು ಬಂದರೆ ಅದಕ್ಕೆ ಇನ್ನೊಂದು ಪದರ ಬೇಕಿತ್ತು.

ಗಾಳಿಚೀಲ

ಮಗುಚಿದಾಗ ದೋಣಿಯನ್ನು ತೇಲಿಸುವ ಗಾಳಿಚೀಲವನ್ನು ಅದರ ಮುಂದೆ ಹಿಂದೆ ಕೂರಿಸುವುದು ಫೋಮಿನ ಕೆಲಸ ಮುಗಿದ ಮೇಲೆ. ಪೀಠದ ಜಾಗ ನಿಂತ ಮೇಲಷ್ಟೇ ಚೀಲದ ಉದ್ದ ಗೊತ್ತಾಗುತ್ತದೆ. ಗನೆಲ್ ಕೆಳಗೆ 10–12 ಸೆಂ.ಮೀ.ಗೊಂದು ತೂತು, 4 ಮಿ.ಮೀ. ಹಗ್ಗದಿಂದ ಅಡ್ಡಡ್ಡ ಹೆಣಿಗೆ, ಜೊತೆಗೆ ಚೀಲ ಹಿಂದಕ್ಕೆ ಜಾರದಂತೆ ತಳದಿಂದ ಮೇಲಕ್ಕೊಂದು ಪಟ್ಟಿ. ದಡದಲ್ಲಿ ಬಿಸಿಲಿಗೆ ಬಿಡುವಾಗ ಗಾಳಿ ಸ್ವಲ್ಪ ತೆಗೆಯಿರಿ, ಇಲ್ಲದಿದ್ದರೆ ಹಿಗ್ಗಿ ಹೊಲಿಗೆ ಬಿಡುತ್ತದೆ. ತಣ್ಣೀರಿಗಿಳಿದ ಮೇಲೆ ಚೀಲ ಸೊರಗುತ್ತದೆ, ಆಗ ಮತ್ತೆ ತುಂಬಿ.

ಆಮೇಲೆ ಕೆಡುವುದು

ಮೊದಲ ಕೆಲವು ದಿನದ ಬಳಿಕ ಪೀಠದ ಮುಂದಿನ ಅಂಚು ಎದ್ದಿದೆಯೇ ನೋಡಿ, ಮೊದಲು ಸಡಿಲವಾಗುವುದು ಅದೇ. ಸಂದಿನೊಳಗೆ ಅಂಟು ಸುರಿದು ಒತ್ತಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ದ್ರಾವಕಕ್ಕೆ ಹೊರಹೋಗಲು ದಾರಿಯಿಲ್ಲ, ಅದು ಒಣಗುವುದೇ ಇಲ್ಲ. ಎದ್ದ ಭಾಗವನ್ನು ಕಡ್ಡಿ ಸಿಕ್ಕಿಸಿ ತೆರೆದಿಟ್ಟು, ಒಳಗೆ ತೊಳೆದು ಒಣಗಿಸಿ, ಎರಡೂ ಮೈಗೆ ತೆಳುವಾಗಿ ಹಚ್ಚಿ, ಆರಿದ ಮೇಲೆ ಕಡ್ಡಿ ತೆಗೆದು ಒತ್ತಿ.

ಮಂಡಿ ಮೆತ್ತೆ ಕಾಲಕ್ರಮೇಣ ಚಪ್ಪಟೆಯಾಗುತ್ತದೆ. ಬೆರಳಿಂದ ಒತ್ತಿ ಬಿಟ್ಟಾಗ ಮೇಲೇಳದಿದ್ದರೆ ಬದಲಿಸಿ. ಅದು ತೆಳುವಾದಂತೆ ಪಟ್ಟಿಯೂ ಸಡಿಲವಾಗಿರುತ್ತದೆ, ಹೊಸ ಮೆತ್ತೆ ಹಾಕಿದ ದಿನ ಅದೇ ಪಟ್ಟಿ ಬಿಗಿಯಾಗುತ್ತದೆ. ಹಾಗಾಗಿ ಮೆತ್ತೆ ಬದಲಿಸಿದಾಗಲೆಲ್ಲ ಪಟ್ಟಿಯ ಉದ್ದವನ್ನು ಮತ್ತೆ ಹೊಂದಿಸಿ, ಹೊರಬರುವ ಅಭ್ಯಾಸವನ್ನೂ ಮತ್ತೆ ಮಾಡಿ.

ಇಡೀ ಪೀಠ ತೆಗೆಯಬೇಕಾಗಿ ಬಂದರೆ ಚಾಕು ಬೇಡ. ಮೀನಿನ ಗಾಳದ ಗಟ್ಟಿ ದಾರವನ್ನು ಎರಡು ಕಡ್ಡಿಗೆ ಸುತ್ತಿ, ಫೋಮಿಗೂ ಒಡಲಿಗೂ ನಡುವೆ ಗರಗಸದಂತೆ ಆಚೀಚೆ ಎಳೆಯುತ್ತ ಹೋಗಿ. ಒಡಲಿಗೆ ಗೀರೂ ಬೀಳುವುದಿಲ್ಲ. ಉಳಿದ ಹಳೆಯ ಅಂಟಿನ ಪದರ ಗಟ್ಟಿಯಾಗಿ ಸಮವಾಗಿದ್ದರೆ ಪೂರ್ತಿ ಕೆರೆಯುವ ಅಗತ್ಯವಿಲ್ಲ. ತುಸು ಉಜ್ಜಿ, ಒರೆಸಿ, ಅದರ ಮೇಲೇ ಹೊಸ ಪದರ ಹಚ್ಚಬಹುದು. ಉಗುರಿಗೆ ಎದ್ದು ಬರುವಂತಿದ್ದರೆ ಮಾತ್ರ ಪೂರ್ತಿ ಕೆರೆದು ಮೊದಲಿಂದ ಶುರುಮಾಡಿ.